ಗೋದಾಮಿನಲ್ಲೊಂದು ಗೃಹಪ್ರವೇಶ

ಪರಂಪರೆ ಎಂದರೆ ಬೇಲೂರು, ಹಳೇಬೀಡು ಎಂದು ನಂಬಿಕೊಂಡು ಬಂದ ನಮ್ಮಂಥವರ ಅಜ್ಞಾನವನ್ನು ನೀಗಿಸಲು ಕೊನೆಗೂ ಬಿಲ್ಡರುಗಳೇ ಮುಂದೆ ಬರಬೇಕಾಯಿತು. ಹೊಯ್ಸಳರ ಆ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವೆಂದು ನಾವು ಹಿಗ್ಗಿದ್ದೇವೆಯೇ ಹೊರತು, ಅವುಗಳ ನವರಂಗವನ್ನು ಚದರಡಿಯ ಲೆಕ್ಕದಲ್ಲಿ ಮಾರಲಾಗದು ಎಂಬ ದೊಡ್ಡ ಕೊರತೆಯನ್ನು ಯಾರೂ ಗಮನಿಸಿರಲಿಲ್ಲ. ಮಾರಲು ಬರುವ ಪರಂಪರೆ ಬೇರೆಯೇ ಇದೆ. ಅದು ಕೆಲಸ ನಿಂತ ಕಾರ್ಖಾನೆಗಳಲ್ಲಿಯೂ ಖಾಲಿ ಬಿದ್ದ ಗೋದಾಮುಗಳಲ್ಲಿಯೂ ಇದ್ದು, ದೊಡ್ಡ ನಗರಗಳ ಸ್ಥಿತಿವಂತರು ಅದರೊಳಗೆ ಸಂಸಾರ ಹೂಡುವುದನ್ನೇ ಬಾಳಿನ ಸಾರ್ಥಕ್ಯವೆಂದು ತಿಳಿದಿದ್ದಾರೆ. ಆ ಮನೆಗೆ ಲಾಫ್ಟ್ ಎಂದು ಹೆಸರು. ಒಣಗಿದ ಕಾಫಿಯ ಸಿಪ್ಪೆ ಸುಲಿದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸುಗಳ ಊರಾದ ಚಿಕ್ಕಮಗಳೂರು ಈ ವಿಷಯದಲ್ಲಿ ಹಿಂದುಳಿಯುವುದು ಸಲ್ಲದು. ರೈಲಿಗಾಗಿ 2013ರವರೆಗೆ ಕಾದೆವು. ಲಾಫ್ಟಿಗಾಗಿಯೂ ಅಷ್ಟು ಕಾಯುವಂತಾಗಬಾರದು.

ಈ ಜೀವನಕ್ರಮಕ್ಕೆ ಘನವಾದ ಇತಿಹಾಸವಿದೆ. ನ್ಯೂಯಾರ್ಕಿನ ಸೋಹೋ ಎಂಬಲ್ಲಿ ಸಣ್ಣ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಬೇರೆಲ್ಲೂ ಬಾಡಿಗೆ ಕೊಡಲಾಗದ ಕಲಾವಿದರು ಆ ಖಾಲಿ ಮಾಳಿಗೆಗಳಿಗೆ ಸೇರಿಕೊಂಡರು. ಕಾಯಿಸಲು ಒಲೆಯಿಲ್ಲ, ಸರಿಯಾದ ಬಚ್ಚಲಿಲ್ಲ, ಅಲ್ಲಿ ವಾಸಿಸಲು ಕಾನೂನಿನ ಅನುಮತಿಯೂ ಇಲ್ಲ. ಬೆಂಕಿ ಬಿದ್ದರೆ ಒಳಗೆ ಮನುಷ್ಯರಿದ್ದಾರೆಂದು ಅಗ್ನಿಶಾಮಕದವರಿಗೆ ತಿಳಿಯಲೆಂದು ಬಾಗಿಲ ಬಳಿ ಫಲಕ ಹಾಕಬೇಕಾಗಿತ್ತು. 1971ರಲ್ಲಿ ನಗರಾಡಳಿತವು ನಿಯಮ ತಿದ್ದಿ, ತಾನು ಪ್ರಮಾಣೀಕರಿಸಿದ ಕಲಾವಿದರು ಅಲ್ಲಿ ವಾಸಿಸಬಹುದೆಂದಿತು. ಅವರು ಚೊಕ್ಕಟ ಮಾಡಿದ ಮೇಲೆ ಹಣವಂತರಿಗೆ ಆ ಜಾಗದ ಮೇಲೆ ಪ್ರೀತಿ ಹುಟ್ಟಿ, ಬಾಡಿಗೆ ಏರಿ, ಕಲಾವಿದರಲ್ಲಿ ಬಹಳಷ್ಟು ಮಂದಿ ಊರಾಚೆಗೆ ಸರಿದರು. ಲಂಡನ್ನಿನಲ್ಲಿ ಇಷ್ಟು ತಡವೂ ಆಗಲಿಲ್ಲ. ಥೇಮ್ಸ್ ದಂಡೆಯ ಬಟ್ಲರ್ಸ್ ವಾರ್ಫ್ ಎಂಬಲ್ಲಿ ಚಹಾ, ಸಾಂಬಾರ ಪದಾರ್ಥಗಳ ಗೋದಾಮುಗಳಿದ್ದವು; 1972ರಲ್ಲಿ ಅವು ಮುಚ್ಚಿದವು, ಮುಂದಿನ ದಶಕದಲ್ಲಿ ದುಬಾರಿ ಮನೆಗಳಾದವು.

ಹೀಗಿರುವಾಗ ನಮ್ಮ ನಗರಸಭೆಯು ಈಗಿನಿಂದಲೇ ಕಲಾವಿದರ ಪ್ರಮಾಣಪತ್ರಕ್ಕೆ ಒಂದು ಕೌಂಟರ್ ತೆರೆಯುವುದು ಲೇಸು. ಅರ್ಜಿದಾರರು ಆಧಾರ್, ಎರಡು ಭಾವಚಿತ್ರ ಹಾಗೂ ತಾವೇ ಬಿಡಿಸಿದ ಒಂದು ಚಿತ್ರವನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು. ನಿಜವಾದ ಕಲಾವಿದರಿಗೆ ಅದು ಸಿಗುವ ಹೊತ್ತಿಗೆ ಮನೆಗಳೆಲ್ಲ ಮಾರಾಟವಾಗಿರುತ್ತವೆ ಎಂಬುದು ಬೇರೆ ಮಾತು.

ಇನ್ನು ಮನೆಯ ಸೊಬಗಿನ ವಿಚಾರ. ಲಾಫ್ಟಿನ ಮೊದಲ ಲಕ್ಷಣವೆಂದರೆ ಗಾರೆ ಕಾಣದ ಇಟ್ಟಿಗೆ ಗೋಡೆ. ನಮ್ಮ ಬಡಾವಣೆಗಳಲ್ಲಿ ಗೋಡೆಗೆ ಪ್ಲಾಸ್ಟರ್ ಆಗಿಲ್ಲವೆಂದರೆ ಮನೆ ಕಟ್ಟುವವನ ಸಾಲದ ದುಡ್ಡು ಖಾಲಿಯಾಗಿದೆ ಎಂದು ಅರ್ಥಮಾಡಿಕೊಂಡು, ಅಂಥ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ನಾವು, ಅದೇ ಗೋಡೆಗೆ ಒಂದು ಹಳದಿ ಬಲ್ಬು ತೂಗುಹಾಕಿದಾಗ ಕೋಟಿ ರೂಪಾಯಿಗೆ ಕೈ ಎತ್ತುವುದನ್ನು ಕಲಿಯಬೇಕಾಗಿದೆ. ಆಶ್ರಯ ಮನೆಯ ಫಲಾನುಭವಿಗಳು ಎಷ್ಟೋ ವರ್ಷಗಳಿಂದ ಇದೇ ಸೌಂದರ್ಯದೊಳಗೆ ಬದುಕುತ್ತಿದ್ದಾರೆ. ಅವರಿಗೆ ಅದನ್ನು ಯಾರೂ ತಿಳಿಸಿಲ್ಲವಷ್ಟೆ.

ಎರಡನೆಯ ಲಕ್ಷಣ ಎತ್ತರವಾದ ಸೂರು ಮತ್ತು ಆಳೆತ್ತರದ ಕಿಟಕಿ. ಗೋದಾಮಿನ ಕಿಟಕಿಯನ್ನು ಯಾರೂ ಗುಡ್ಡ ನೋಡಲೆಂದು ಇಟ್ಟಿದ್ದಲ್ಲ, ಕಾಫಿಗೆ ಗಾಳಿಯಾಡಲೆಂದು ಇಟ್ಟಿದ್ದು. ಕಾಫಿ ಬೀಜಕ್ಕೆ ಮಳೆಗಾಳಿ ತಗುಲಿದರೆ ಏನಾಗುತ್ತದೆಂಬುದನ್ನು ಕರಾವಳಿಯ ಕ್ಯೂರಿಂಗಿನವರು ಚೆನ್ನಾಗಿ ಬಲ್ಲರು. ಹಾಯಿಹಡಗುಗಳ ಕಾಲದಲ್ಲಿ ಯುರೋಪಿಗೆ ಹೊರಟ ಕಾಫಿ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಬಣ್ಣಗೆಡುತ್ತಿತ್ತು. ಹಡಗುಗಳು ವೇಗವಾದ ಮೇಲೆ ಅಲ್ಲಿನ ಗಿರಾಕಿಗಳು ಆ ಹಳೆಯ ರುಚಿಯನ್ನೇ ಬಯಸಿದ್ದರಿಂದ, ಜೂನಿನಿಂದ ಸೆಪ್ಟೆಂಬರಿನವರೆಗೆ ಬೀಜವನ್ನು ತೆರೆದ ಗೋದಾಮಿನಲ್ಲಿ ಹರಡಿ ಮಳೆಗಾಳಿಗೆ ಒಡ್ಡುವ ಪದ್ಧತಿ ಬಂತು. ಹಾಗೆ ಒಡ್ಡಿದ ಬೀಜ ಉಬ್ಬುತ್ತದೆ, ಬಿಳುಚಿಕೊಂಡು ಹಳದಿಗೆ ತಿರುಗುತ್ತದೆ, ಅದರ ಹುಳಿ ಇಳಿಯುತ್ತದೆ. ಅದಕ್ಕೆ ಮಾನ್ಸೂನ್ಡ್ ಮಲಬಾರ್ ಎಂದು ಹೆಸರಿಟ್ಟು ಒಳ್ಳೆಯ ಬೆಲೆಗೆ ಮಾರುತ್ತಾರೆ. ಮಲೆನಾಡಿನ ನಾಲ್ಕು ತಿಂಗಳನ್ನು ಹಂಚಿನ ಸೂರಿನ ಗೋದಾಮಿನಲ್ಲಿ ಕಳೆದ ನಿವಾಸಿಗಳೂ ಉಬ್ಬಿ, ಬಿಳುಚಿ, ಮೆತ್ತಗಾಗಿ ಹೊರಬರುವುದರಿಂದ ಅವರಿಗೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಕೇಳಬಹುದು. ಚಿಕ್ಕಮಗಳೂರಿನ ಅರೇಬಿಕಾಗೆ 2019ರಲ್ಲಿ ಸಿಕ್ಕಿದೆ, ಮನುಷ್ಯರಿಗೇಕೆ ಸಿಗಬಾರದು?

ಒಳಗೆ ಗೋಡೆಗಳಿರುವುದಿಲ್ಲ. ಅಡುಗೆ, ಊಟ, ನಿದ್ದೆ, ಆಫೀಸು ಎಲ್ಲವೂ ಒಂದೇ ಹಜಾರದಲ್ಲಿ ನಡೆಯಬೇಕು. ಒಣಮೆಣಸಿನಕಾಯಿ ಒಗ್ಗರಣೆ ಬಿದ್ದೊಡನೆ ವಿಡಿಯೋ ಕಾಲಿನಲ್ಲಿರುವ ಯಜಮಾನರು ಕೆಮ್ಮುವುದು, ಊರಿನಿಂದ ಬಂದ ಅತ್ತೆಯವರು ಸೀರೆ ಬದಲಿಸಲು ಜಾಗ ಹುಡುಕುತ್ತ ಕಡೆಗೆ ಕಾರಿನೊಳಗೆ ಹೋಗುವುದು ಮುಂತಾದ ಸಣ್ಣಪುಟ್ಟ ತೊಡಕುಗಳನ್ನು ಸಹಿಸಿಕೊಳ್ಳತಕ್ಕದ್ದು. ಮಲಗುವುದಕ್ಕೆ ಕಬ್ಬಿಣದ ಮೆಟ್ಟಿಲ ಮೇಲೊಂದು ಅಟ್ಟವಿರುತ್ತದೆ. ಅಟ್ಟಕ್ಕೇರದವನು ಬೆಟ್ಟಕ್ಕೇರಿಯಾನೇ ಎಂಬ ಗಾದೆಯನ್ನು ಮಂಡಿನೋವಿನ ಅತಿಥಿಗಳಿಗೆ ಹೇಳುವುದು ಮಾತ್ರ ಬೇಡ. ವಾಸ್ತುವಿನವರಿಗೆ ಕುಬೇರ ಮೂಲೆಯಲ್ಲಿ ಸಿಪ್ಪೆ ಸುಲಿಯುವ ಹಳೆಯ ಯಂತ್ರವೊಂದು ಅಲಂಕಾರಕ್ಕೆ ನಿಂತಿರುವುದನ್ನು ಕಂಡು ಗಾಬರಿಯಾದೀತು; ಕೊಂಡವನ ಸಿಪ್ಪೆ ಸುಲಿದು ಮುಗಿದಿರುವುದರಿಂದ ಅದರಿಂದ ಇನ್ನು ದೋಷವಿಲ್ಲವೆಂದು ಅವರನ್ನು ಸಮಾಧಾನಪಡಿಸಬಹುದು.

ಇದನ್ನು ಕೊಳ್ಳುವವರು ಯಾರು? ಹೆಚ್ಚಿನವರು ನಮ್ಮವರೇ. ಅಪ್ಪನ ಕಾಲದ ತೊಟ್ಟಿ ಮನೆ ಹಳೆಯದಾಯಿತೆಂದು ಕೆಡವಿಸಿ, ಹಲಸಿನ ಕಂಬಗಳನ್ನು ಬಂದ ಬೆಲೆಗೆ ಕೊಟ್ಟು, ಆ ಜಾಗದಲ್ಲಿ ಆರ್‌ಸಿಸಿ ಡಬ್ಬ ಎಬ್ಬಿಸಿದವರು, ಈಗ ಹಳೆಯದರ ಮೇಲೆ ವ್ಯಾಮೋಹ ಉಕ್ಕಿ ಬಂದು ಗೋದಾಮಿಗೆ ಮುಂಗಡ ಕಟ್ಟುತ್ತಾರೆ. ಅಜ್ಜನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ದಾಸ್ತಾನಿಗೆ ಒಪ್ಪಿಸಿ, ಹಣ ಕಂತಿನಲ್ಲಿ ಬರುವುದನ್ನು ಕಾಯಬೇಕಾಗಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಕೊನೆಗೊಂಡಿತು. ಅಜ್ಜ ಚೀಲ ಇಳಿಸಿ ಕಂತಿಗಾಗಿ ಕಾದ ಕಟ್ಟಡಕ್ಕೇ ಮೊಮ್ಮಗ ಇಪ್ಪತ್ತು ವರ್ಷ ಕಂತು ಕಟ್ಟುತ್ತಾನೆಂದರೆ, ಪರಂಪರೆಯ ಮುಂದುವರಿಕೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಕಟ್ಟಡದ ಇತಿಹಾಸವನ್ನು ಗೌರವಿಸಲು ಪ್ರವೇಶದ್ವಾರದಲ್ಲಿ ಒಂದು ಕಪ್ಪುಬಿಳುಪು ಚಿತ್ರ ಇರಲೇಬೇಕು. ಸಾಲಾಗಿ ನೆಲದ ಮೇಲೆ ಕುಳಿತು ಕಪ್ಪು ಬೀಜ, ಕಂದು ಬೀಜ, ಒಡೆದ ಚೂರುಗಳನ್ನು ಬೇರ್ಪಡಿಸುತ್ತ ದಿನವಿಡೀ ಬೆನ್ನು ಬಗ್ಗಿಸುತ್ತಿದ್ದ ಗಾರ್ಬ್ಲಿಂಗ್ ಹೆಂಗಸರ ಚಿತ್ರ. ಬಣ್ಣ ಗುರುತಿಸುವ ಯಂತ್ರಗಳು ಬಂದ ಮೇಲೆ ಅವರಲ್ಲಿ ಎಷ್ಟೋ ಜನರ ಕೆಲಸ ಹೋಯಿತು. ಅಲಂಕಾರಕ್ಕೆ ನಿಲ್ಲಿಸಿದ ಹಳೆಯ ಯಂತ್ರದ ಮೇಲಿನ ಕಂಪನಿಯ ಹಿತ್ತಾಳೆ ಫಲಕವನ್ನು ಉಜ್ಜಿ ಹೊಳಪಿಸಿಡುವವರು ಚಿತ್ರದ ಕೆಳಗೆ ಹೆಸರುಗಳನ್ನು ಬರೆಸುವುದಿಲ್ಲ, ಬರೆದರೆ ಚಿತ್ರದ ಅಂದ ಕೆಡುತ್ತದೆ. ಆ ಸಾಲಿನಲ್ಲಿದ್ದ ಯಾರಾದರೂ ಈಗ ಮನೆಗೆಲಸಕ್ಕೆಂದು ಬಂದರೆ, ಮೊಬೈಲಿಗೆ ಬಂದ ಒಟಿಪಿ ಹೇಳಿ, ಚೀಲ ತೋರಿಸಿ, ಸರ್ವೀಸ್ ಲಿಫ್ಟಿನಲ್ಲಿ ಮೇಲೆ ಹೋಗಬಹುದು. ಹಿಂದಿನ ಕಾಲದಲ್ಲಿ ಲಿಫ್ಟು ಎಲ್ಲಿತ್ತು? ಪ್ರಗತಿಯನ್ನು ಒಪ್ಪಿಕೊಳ್ಳಬೇಕು.

ನಿವಾಸಿಗಳ ಸಂಘದ ನಿಯಮಾವಳಿಯೂ ಬಿಗಿಯಾಗಿರಬೇಕು. ಲಕ್ಷಾಂತರ ಮೂಟೆ ಕಾಫಿ ಒಣಗಿದ ಕಣದಲ್ಲಿ ಹಪ್ಪಳ, ಸಂಡಿಗೆ, ಬಟ್ಟೆ ಒಣಗಿಸುವುದನ್ನು ನಿಷೇಧಿಸತಕ್ಕದ್ದು, ಏಕೆಂದರೆ ಅದರಿಂದ ಕಟ್ಟಡದ ಪಾರಂಪರಿಕ ನೋಟಕ್ಕೆ ಧಕ್ಕೆಯಾಗುತ್ತದೆ. ಪಕ್ಕದಲ್ಲಿ ಇನ್ನೂ ನಡೆಯುತ್ತಿರುವ ಕ್ಯೂರಿಂಗ್ ವರ್ಕ್ಸ್ ಏನಾದರೂ ಇದ್ದರೆ ತೊಂದರೆ ಇನ್ನೂ ದೊಡ್ಡದು. ಸುಗ್ಗಿಯ ತಿಂಗಳುಗಳಲ್ಲಿ ಅಲ್ಲಿ ಲಾರಿಗಳು ಬೆಳಗಿನ ಜಾವವೇ ಬಂದು ನಿಲ್ಲುತ್ತವೆ, ಯಂತ್ರ ಗರಗರ ಎನ್ನುತ್ತದೆ, ಸಿಪ್ಪೆಯ ದೂಳು ಹಾರಿಬಂದು ಇಟ್ಟಿಗೆ ಗೋಡೆಯ ಮೇಲೆ ಕೂರುತ್ತದೆ. ಇಂಥ ಕಾರ್ಖಾನೆ ವಸತಿ ಪ್ರದೇಶದಲ್ಲಿ ಇರಕೂಡದೆಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಎಲ್ಲರೂ ಸೇರಿ ಅರ್ಜಿ ಕೊಡಬೇಕು. ಅರ್ಜಿಯನ್ನು ಬಿಲ್ಡರ್ ತಮ್ಮ ಖರ್ಚಿನಲ್ಲಿಯೇ ಟೈಪು ಮಾಡಿಸಿಕೊಡುತ್ತಾರೆ. ಆ ಕಾರ್ಖಾನೆ ಮುಚ್ಚಿದ ಮರುವಾರವೇ ಎರಡನೇ ಹಂತದ ಬುಕಿಂಗ್ ಆರಂಭವಾಗಲಿದ್ದು, ಮೊದಲ ಹಂತದ ನಿವಾಸಿಗಳಿಗೆ ರಿಯಾಯಿತಿ ಇರುತ್ತದೆ.