ಮಾತಾಡಿಸಿ ಬರೋದು

ನಿನ್ನೆ ರಾತ್ರಿ ಮನೆಗೆ ಬಂದಾಗ ಹನ್ನೆರಡೂವರೆ ಆಗಿತ್ತು. ಬೆಳಗಾದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮೂರಲ್ಲಿ ನಿನ್ನೆ ಕಬಡ್ಡಿ ಪಂದ್ಯಾವಳಿ ಇತ್ತು. ಆಡಿ ವಾಪಸ್ ಬರುವಾಗ ಗಾಡಿ ಅಪಘಾತದಲ್ಲಿ ಹೋದ ನಮ್ಮ ತಂಡದ ಆ ಇಬ್ಬರು ಹುಡುಗರ ಸ್ಮರಣಾರ್ಥ. ಯಾವ ಹುಡುಗರು ಅಂತ ನಿಮಗೆ ಹೇಳಬೇಕಾಗಿಲ್ಲ. ನಾಲ್ಕು ವರ್ಷದ ಹಿಂದೆ ನೀವೆಲ್ಲ ಸ್ಟೇಟಸ್‌ಗೆ ಅವರದೇ ಫೋಟೋ ಹಾಕಿದ್ದಿರಿ. ನಾನೂ ಹಾಕಿದ್ದೆ.

ಅಂಕಣದ ಪಕ್ಕದಲ್ಲಿ ದೊಡ್ಡ ಫ್ಲೆಕ್ಸ್. ಎಣಿಸಿದೆ, 14 ಮುಖಂಡರ ಫೋಟೋ ಇತ್ತು. ಹುಡುಗರಿಬ್ಬರು ಕೆಳಗೆ ಎಡಮೂಲೆಯಲ್ಲಿ, ಅಂಗೈ ಅಗಲದಷ್ಟು. ಒಬ್ಬನ ಹೆಸರಿನಲ್ಲಿ ಒತ್ತಕ್ಷರವೇ ಬಿಟ್ಟುಹೋಗಿದೆ. ಅವನ ಹೆಸರಿನಲ್ಲಿ ಕಪ್ ಕೊಡುತ್ತಾರೆ, ಆ ಹೆಸರನ್ನು ಒಂದು ಸಲ ಸರಿಯಾಗಿ ಓದಿ ನೋಡುವಷ್ಟು ಪುರುಸೊತ್ತು ಯಾರಿಗೂ ಸಿಕ್ಕಿಲ್ಲ.

ಶುರುವಿಗೆ ಒಂದು ನಿಮಿಷ ಮೌನ ಅಂದರು. ನಾನು ವಾಚ್ ನೋಡಿದೆ. 22 ಸೆಕೆಂಡ್. ಯಾರದೋ ಫೋನ್ ಬಂತು, ಮೈಕಿನವನು ಧನ್ಯವಾದ ಅಂದ, ಡಿಜೆ ಶುರುವಾಯಿತು. ಆಮೇಲೆ ಶಾಲು, ಹಾರಕ್ಕೆ ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಸತ್ತ ಹುಡುಗರಲ್ಲಿ ಒಬ್ಬನ ಅವ್ವ ಪೆಂಡಾಲಿನ ಕಂಬ ಹಿಡಿದು ನಿಂತಿದ್ದರು. ಸ್ಟೇಜಿನ ಮುಂದೆ ಎರಡು ಸಾಲು ಕುರ್ಚಿ ಇದ್ದವು. ಅವರಿಗೆ ಒಂದು ಕುರ್ಚಿ ಎಳೆದು ಹಾಕುವವರು ಇರಲಿಲ್ಲ. ಕೊನೆಗೆ ಒಯ್ದು ಹಾಕಿದ್ದು ನಾನೇ. ಅವರು ಕೂರಲಿಲ್ಲ. "ಇರ್ಲಿ ಯಪ್ಪಾ, ದೊಡ್ಡವ್ರು ಬರ್ತಾರ" ಅಂದರು.

ಇನ್ನೊಬ್ಬನನ್ನು ನೋಡಿದ್ದು ಕಬ್ಬಿನ ಹಾಲಿನ ಗಾಡಿಯ ಹಿಂದೆ. ಆ ರಾತ್ರಿ ಅದೇ ಗಾಡಿಯಲ್ಲಿ ಇದ್ದು ಬದುಕಿ ಉಳಿದವನು. ನಮ್ಮ ಲೆಫ್ಟ್ ಕಾರ್ನರ್, ಅಂದರೆ ಅಂಕಣದ ಎಡಮೂಲೆ ಕಾಯುವ ಆಟಗಾರ. ಅವನ ಕೈಗೆ ಕಾಲು ಸಿಕ್ಕರೆ ಎಂಥ ರೈಡರ್‌ಗೂ ಬಿಡಿಸಿಕೊಂಡು ಹೋಗಲು ಆಗುತ್ತಿರಲಿಲ್ಲ. ಈಗ ಅವನ ಎಡಗಾಲಲ್ಲಿ ರಾಡ್ ಇದೆ, ಕುಂಟುತ್ತಾನೆ. ಇಲ್ಲಿ ಯಾಕಪ್ಪ ನಿಂತಿದ್ದೀಯ, ಒಳಗೆ ಬಾ ಅಂದೆ.

"ಒಳಗ ಬಂದ್ರ ಎಲ್ಲಾರೂ ನನ್ನ ಕಾಲ ನೋಡ್ತಾರಣ್ಣ. ಮಾತಾಡ್ಸಂಗಿಲ್ಲ, ಬರೇ ಕಾಲ ನೋಡ್ತಾರ."

ಈ ಮಾತು ಕೇಳಿದ ಮೇಲೆ ನನಗೆ ಆಟ ನೋಡಲು ಆಗಲಿಲ್ಲ.

ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ ಎಂಥ ಒಳ್ಳೆ ಮಾತಿದೆ ನೋಡಿ. "ಮಾತಾಡಿಸಿ ಬರ್ತೀನಿ" ಅಂತೀವಿ. ಸಮಾಧಾನ ಹೇಳಿ ಬರ್ತೀನಿ ಅನ್ನುವುದಿಲ್ಲ, ನೋಡಿ ಬರ್ತೀನಿ ಅನ್ನುವುದಿಲ್ಲ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಓಣಿಯವರೇ ರೊಟ್ಟಿ, ಪಲ್ಯ, ಚಹಾ ಒಯ್ಯುತ್ತಾರೆ. ಇಷ್ಟು ಚೆಂದದ ಪದ್ಧತಿ ಇರುವ ನಾವು ದಿನಕರ್ಮದ ಊಟ ಮುಗಿದ ಮರುದಿನ ಆ ಮನೆಯ ದಾರಿಯನ್ನೇ ಮರೆಯುತ್ತೇವೆ. ಮಾತಾಡಿಸಬೇಕಾದ್ದು ಆಗಲೇ ಅಲ್ವಾ? ಮೊದಲ ವಾರ ಅವರಿಗೆ ಯಾರು ಬಂದರು, ಯಾರು ಹೋದರು ಅನ್ನುವುದೂ ಗೊತ್ತಿರುವುದಿಲ್ಲ. ಆರು ತಿಂಗಳಾದ ಮೇಲೆ ಬಾಗಿಲು ನೋಡುತ್ತಾ ಕೂರುತ್ತಾರೆ.

ಅಪಘಾತವಾದ ಆ ದಿನಗಳಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ರಾತ್ರಿಯೆಲ್ಲ ಮೊಬೈಲಿನಲ್ಲಿ ಇಂಥದ್ದನ್ನೇ ಹುಡುಕಿ ಓದುತ್ತಿದ್ದೆ. ಹಾಗೆ ಸಿಕ್ಕಿದ್ದು ಕೆನಡಾದ ಹಂಬೋಲ್ಟ್. ಸಸ್ಕಾಚೆವಾನ್ ಪ್ರಾಂತ್ಯದ ಸಣ್ಣ ಊರು, ಸುಮಾರು 6,000 ಜನ. ನಮ್ಮ ಕಡೆಯ ದೊಡ್ಡ ಹಳ್ಳಿ ಅನ್ನಿ. ಅಲ್ಲಿ ಐಸ್ ಹಾಕಿ ಅಂದರೆ ನಮ್ಮಲ್ಲಿ ಕಬಡ್ಡಿ ಇದ್ದಂತೆ. 2018ರ ಏಪ್ರಿಲ್ 6ರಂದು ಹಂಬೋಲ್ಟ್ ಬ್ರಾಂಕೋಸ್ ಅನ್ನುವ ಹುಡುಗರ ತಂಡ ನಿಪಾವಿನ್ ಅನ್ನುವ ಊರಿಗೆ ಪ್ಲೇಆಫ್ ಪಂದ್ಯ ಆಡಲು ಹೊರಟಿತ್ತು. ಅಡ್ಡರಸ್ತೆಯಿಂದ ಬಂದ ಒಂದು ದೊಡ್ಡ ಟ್ರಕ್ ಸ್ಟಾಪ್ ಬೋರ್ಡಿಗೆ ನಿಲ್ಲದೆ ನುಗ್ಗಿತು. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಜನ ಹೋದರು. ಆಟಗಾರರೇ 10 ಜನ. ಕೋಚ್, ಡ್ರೈವರ್, ರೇಡಿಯೋದಲ್ಲಿ ಕಾಮೆಂಟರಿ ಹೇಳುತ್ತಿದ್ದ ಹುಡುಗ, ಅಂಕಿ ಅಂಶ ಬರೆದುಕೊಳ್ಳುತ್ತಿದ್ದ 18 ವರ್ಷದ ಹುಡುಗ ಕೂಡ.

ಅದರಲ್ಲಿ ಒಂದು ವಿಷಯ ಓದಿ ಫೋನ್ ಕೆಳಗಿಟ್ಟುಬಿಟ್ಟೆ. ಪ್ಲೇಆಫ್‌ಗೆ ಅಂತ ಹುಡುಗರೆಲ್ಲ ಸೇರಿ ಕೂದಲಿಗೆ ಒಂದೇ ಥರ ಹೊಂಬಣ್ಣ ಹಾಕಿಸಿಕೊಂಡಿದ್ದರಂತೆ. ಅದರಿಂದಾಗಿ ಗುರುತು ಹಿಡಿಯುವಾಗ ಇಬ್ಬರು ಅದಲುಬದಲಾದರು. ಮಗ ಹೋದ ಅಂತ ಅತ್ತ ಮನೆಗೆ ಮಗ ಬದುಕಿದ್ದಾನೆ ಅಂತ ಎರಡು ದಿನ ಬಿಟ್ಟು ಗೊತ್ತಾಯಿತು. ಮಗ ಉಳಿದ ಅಂದುಕೊಂಡಿದ್ದ ಮನೆಗೆ ಇನ್ನೊಂದು ಸುದ್ದಿ ಹೋಯಿತು. ನಮ್ಮ ಹುಡುಗರೂ ಫೈನಲ್‌ಗೆ ಹೋಗುವಾಗ ಎಲ್ಲರೂ ಒಂದೇ ಥರ ಕಟಿಂಗ್ ಮಾಡಿಸಿಕೊಂಡಿದ್ದರು, ನೆನಪಿದೆಯಾ? ದೊಡ್ಡಾಸ್ಪತ್ರೆಯಲ್ಲಿ ಗುರುತು ಹಿಡಿಯಲು ಒಳಗೆ ಹೋದವನು ನಾನು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹಂಬೋಲ್ಟ್‌ನಲ್ಲಿ ಬೇರೆ ಊರಿಂದ ಬಂದ ಆಟಗಾರರು ಅಲ್ಲಿಯ ಜನರ ಮನೆಗಳಲ್ಲೇ ಇರುತ್ತಿದ್ದರು. ಅವರ ಜೊತೆಯೇ ಊಟ, ಅಲ್ಲೇ ನಿದ್ದೆ. ಹಾಗಾಗಿ ಎಷ್ಟೋ ಮನೆಯವರಿಗೆ ಅದು ಮನೆಮಗನ ಸಾವೇ ಆಯಿತು. ಆಮೇಲೆ ಕೆನಡಾ ತುಂಬಾ ಜನ ತಮ್ಮ ಮನೆಯ ಬಾಗಿಲ ಹೊರಗೆ ಒಂದು ಹಾಕಿ ಸ್ಟಿಕ್ ಒರಗಿಸಿಟ್ಟು ಲೈಟ್ ಹಚ್ಚಿಟ್ಟರು. ಹುಡುಗರಿಗೆ ಆಟ ಬೇಕೆನಿಸಿದರೆ ಇರಲಿ ಅಂತ. ಯಾರ ಫೋಟೋ ಇಲ್ಲ, ಯಾರ ಹೆಸರಿಲ್ಲ. ಸುಮ್ನೆ ಒಂದು ಸ್ಟಿಕ್, ಒಂದು ದೀಪ.

ಆದರೆ ನನ್ನ ಎದೆಗೆ ನಾಟಿದ್ದು ಬೇರೆ. ಅದೇ ಪ್ರಾಂತ್ಯದಲ್ಲಿ ಸ್ವಿಫ್ಟ್ ಕರೆಂಟ್ ಅಂತ ಇನ್ನೊಂದು ಊರಿದೆ. 1986ರ ಡಿಸೆಂಬರ್ 30ರಂದು ಆ ಊರಿನ ತಂಡದ ಬಸ್ಸೂ ಅಪಘಾತವಾಗಿ ನಾಲ್ಕು ಆಟಗಾರರು ಸತ್ತಿದ್ದರು. ಅವತ್ತು ಬದುಕಿ ಬಂದಿದ್ದ ಹುಡುಗರಲ್ಲಿ ಕೆಲವರು, ಈಗ ಐವತ್ತರ ಹತ್ತಿರದವರು, 31 ವರ್ಷದ ನಂತರ ಹಂಬೋಲ್ಟ್‌ಗೆ ಬಂದರು. ಬದುಕುಳಿದವರ ಜೊತೆ, ಮನೆಯವರ ಜೊತೆ ಕೂತರು. ಬದುಕಿದವನ ಕಷ್ಟ ಏನು ಅನ್ನುವುದು ಇನ್ನೊಬ್ಬ ಬದುಕಿದವನಿಗೇ ಗೊತ್ತು. ನನ್ನ ಪಕ್ಕದ ಸೀಟಿನವನು ಹೋದ, ನಾನ್ಯಾಕೆ ಉಳಿದೆ ಅನ್ನುವ ಪ್ರಶ್ನೆ ಅದು. ನಮ್ಮ ಲೆಫ್ಟ್ ಕಾರ್ನರ್ ನಾಲ್ಕು ವರ್ಷದಿಂದ ಅದನ್ನು ಒಬ್ಬನೇ ಹೊತ್ತು ತಿರುಗುತ್ತಿದ್ದಾನೆ.

ದುಡ್ಡಿನ ಮಾತೂ ಆಡಿಬಿಡುತ್ತೇನೆ. ಹಂಬೋಲ್ಟ್‌ಗೆ ಜನ ಕೊಟ್ಟಿದ್ದು ಒಂದೂವರೆ ಕೋಟಿ ಡಾಲರ್ ದಾಟಿತು. "ಅದು ಶ್ರೀಮಂತ ದೇಶ ಬಿಡಿ" ಅಂತ ಯಾರೋ ಕಾಮೆಂಟ್ ಹಾಕುತ್ತೀರಿ, ಗೊತ್ತು. ಎಷ್ಟು ಕೊಟ್ಟರು ಅನ್ನುವುದನ್ನು ಬಿಡಿ, ಹೇಗೆ ಹಂಚಿದರು ನೋಡಿ. ಕೋರ್ಟ್ ಮೂಲಕವೇ ಹಂಚಿದರು. ತೀರಿಕೊಂಡವರ ಮನೆಗೆ ತಲಾ 5,25,000 ಡಾಲರ್, ಬದುಕುಳಿದವರಿಗೆ ತಲಾ 4,75,000. ಬದುಕಿದವನೂ ಹೆಚ್ಚುಕಡಿಮೆ ಅಷ್ಟೇ ಕಳೆದುಕೊಂಡಿದ್ದಾನೆ ಅಂತ ಅವರು ಲೆಕ್ಕದಲ್ಲೇ ಒಪ್ಪಿಕೊಂಡರು. ನಿನ್ನೆ ನಮ್ಮೂರಲ್ಲಿ ಮೊದಲ ಬಹುಮಾನ 30,001 ರೂಪಾಯಿ. ಈ ನಾಲ್ಕು ವರ್ಷದಲ್ಲಿ ಆ ಹುಡುಗನಿಗೆ ಊರು ಕೊಟ್ಟಿದ್ದು ಒಂದು ಸಲ ಸೇಬು, ಮೋಸಂಬಿ.

ಇದು ನಮ್ಮೂರಿನ ಕಥೆ ಮಾತ್ರವೂ ಅಲ್ಲ. 2024ರ ಜೂನ್‌ನಲ್ಲಿ ಬ್ಯಾಡಗಿ ಹತ್ತಿರ ನಿಂತ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಜನ ಹೋದರು. ಅವರಲ್ಲಿ ಭಾರತದ ಅಂಧ ಮಹಿಳೆಯರ ಫುಟ್ಬಾಲ್ ತಂಡದ ನಾಯಕಿ ಇದ್ದಳು. ಅವಳ ಆಟ ಆ ದಿನ ಎಲ್ಲರಿಗೂ ನೆನಪಾಯಿತು. ಅದೇ ವರ್ಷ ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆ. ಮಾನ್ವಿ ತಾಲೂಕಿನ ಕಪಗಲ್ ಹತ್ತಿರ ಶಾಲೆ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಎರಡು ಮಕ್ಕಳು ತೀರಿಕೊಂಡವು. 2025ರ ಜನವರಿಯಲ್ಲಿ ಸಿಂಧನೂರು ಹತ್ತಿರ ಮಂತ್ರಾಲಯದ ಪಾಠಶಾಲೆಯ ಮೂವರು ಹುಡುಗರು, ಜೊತೆಗೆ ಡ್ರೈವರ್. ಇವೆಲ್ಲ ನಮ್ಮ ರಸ್ತೆಗಳು. ಆ ಗಾಡಿಗಳಲ್ಲಿ ಗಾಯಗೊಂಡು ಉಳಿದ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರಾ, ರಾತ್ರಿ ನಿದ್ದೆ ಮಾಡುತ್ತಾರಾ? ರಾಯಚೂರು ಕಡೆಯ ಗೆಳೆಯರು ಇಲ್ಲಿ ಬಹಳ ಜನ ಇದ್ದೀರಿ. ಒಂದು ಸಲ ಹೋಗಿ ಕೇಳಿದ್ದೀರಾ? ನಾನು ಕೇಳಿಲ್ಲ.

ಪಂದ್ಯಾವಳಿ ಮಾಡಿದ ಹುಡುಗರಿಗೆ ನಿನ್ನೆ ಇದನ್ನೇ ಹೇಳಿದೆ. ಒಬ್ಬ ಅಂದ: "ಅಣ್ಣಾ, ಪದೇ ಪದೇ ಹೋಗಿ ಯಾಕ ನೆನಪು ಮಾಡೋದು? ಮರಿಯಾಕ ಬಿಡ್ಬೇಕು." ಕೆಟ್ಟವನಲ್ಲ ಅವನು, ನಿಜವಾಗಿಯೂ ಹಾಗೇ ನಂಬಿದ್ದಾನೆ. ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಆದರೆ ನೆನಪು ಮಾಡಲು ನಾವ್ಯಾರು? ಆ ಅವ್ವ ದಿನಾ ಬೆಳಗ್ಗೆ ನೀರು ಕಾಯಿಸುವಾಗ ಮರೆತಿರುತ್ತಾರೆ, ನಾವು ಹೋಗಿ ನೆನಪಿಸಿಬಿಡುತ್ತೇವೆ ಅಂದುಕೊಂಡಿದ್ದೇವಾ? ಅವರ ಕಣ್ಣಲ್ಲಿ ನೀರು ನೋಡಲು ನಮಗೆ ಆಗುವುದಿಲ್ಲ. ಅದನ್ನು ಒಪ್ಪಿಕೊಳ್ಳೋಣ. ಅವರ ಒಳ್ಳೆಯದಕ್ಕೆ ಹೋಗುತ್ತಿಲ್ಲ ಅನ್ನುವುದು ಬೇಡ.

ಇಷ್ಟು ಹೇಳಿದ ಮೇಲೆ ನನ್ನದೂ ಹೇಳಲೇಬೇಕು.

ಆ ರಾತ್ರಿಯ ಗಾಡಿ ಗೊತ್ತು ಮಾಡಿದ್ದು ನಾನು. ಬಾಗಲಕೋಟೆ ಜಿಲ್ಲೆಯ ಒಂದು ಊರಲ್ಲಿ ಟೂರ್ನಮೆಂಟ್ ಇತ್ತು. ಕ್ರೂಸರ್‌ನವನು 4,500 ಕೇಳಿದ. ಗೂಡ್ಸ್ ಗಾಡಿಯವನು 2,500ಕ್ಕೆ ಬರ್ತೀನಿ ಅಂದ. ತಂಡದ ಕಡೆ ದುಡ್ಡಿರಲಿಲ್ಲ, ನಾನು ಗೂಡ್ಸ್ ಗಾಡಿಗೆ ಹೂಂ ಅಂದೆ. ಗೊಬ್ಬರದ ಲೋಡ್ ಬರುವುದಿತ್ತು ಅಂತ ನಾನು ಹೋಗಲಿಲ್ಲ. ಬೆಳಗಿನ ಜಾವ ಮೂರರ ಹೊತ್ತಿಗೆ ಹೈವೇಯಲ್ಲಿ, ದೀಪ ಇಲ್ಲದೆ ನಿಂತಿದ್ದ ಲಾರಿ. ಡ್ರೈವರ್ ಹಿಂದಿನ ದಿನವೂ ಪೂರ್ತಿ ಗಾಡಿ ಓಡಿಸಿದ್ದನಂತೆ. ನಾನು ಅದನ್ನು ಕೇಳಿರಲಿಲ್ಲ.

ಗೂಡ್ಸ್ ಗಾಡಿಯಲ್ಲಿ ಕೂತವರಿಗೆ ಪರಿಹಾರ ನಮ್ಮ ಹೊಣೆಯಲ್ಲ ಅಂತ ವಿಮೆಯವರು ಕೋರ್ಟಿನಲ್ಲಿ ಹೇಳುತ್ತಾರೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಕೇಸ್ ಇನ್ನೂ ನಡೆದಿದೆ. ಯಾರಿಗೆ ಇಂಥ ಕಷ್ಟ ಬರುತ್ತದೋ ಗೊತ್ತಿಲ್ಲ, ಆದರೂ ಬರೆದಿಡುತ್ತೇನೆ. ಪರಿಹಾರದ ಅರ್ಜಿ ಆರು ತಿಂಗಳೊಳಗೆ ಹಾಕಬೇಕು ಅಂತ 2022ರ ಏಪ್ರಿಲ್ 1ರಿಂದ ಕಾನೂನು ಬಂದಿದೆ. ಎಫ್‌ಐಆರ್ ಕಾಪಿ, ಪಂಚನಾಮೆ, ಪೋಸ್ಟ್‌ಮಾರ್ಟಮ್ ರಿಪೋರ್ಟ್ ಅಂತ ಓಡಾಡಲು ಮಗನನ್ನು ಕಳೆದುಕೊಂಡವರಿಗೆ ಕಾಲಲ್ಲಿ ಶಕ್ತಿ ಇರುವುದಿಲ್ಲ. ಓದು ಬರಹ ಗೊತ್ತಿರುವ ಒಬ್ಬರು ಜೊತೆಗೆ ಹೋಗಿ ನಿಂತರೆ ಸಾಕು. ರೊಟ್ಟಿ ಒಯ್ದಷ್ಟೇ ಪುಣ್ಯ ಅದು.

ದಿನಕರ್ಮ ಆದ ಮೇಲೆ ಒಂದು ವರ್ಷ ನಾನು ಆ ಓಣಿಗೆ ಕಾಲಿಡಲಿಲ್ಲ. ಅಂಗಡಿಗೆ ಹೋಗಲು ಅದೇ ಹತ್ತಿರದ ದಾರಿ. ಸುತ್ತು ಹಾಕಿ ಹೋಗುತ್ತಿದ್ದೆ. ಒಂದು ದಿನ ಸಂತೆಯಲ್ಲಿ ಆ ಅವ್ವ ಎದುರಿಗೆ ಬಂದರು. "ನೀನೂ ಬರ್ಲಿಲ್ಲಲ್ಲೋ ಯಪ್ಪಾ" ಅಂದರು. ಬೈಯಲಿಲ್ಲ. ಎರಡು ಸಾವಿರ ರೂಪಾಯಿಯ ವಿಷಯ ಅವರಿಗೆ ಗೊತ್ತಿತ್ತು, ಅದನ್ನೂ ಎತ್ತಲಿಲ್ಲ. ಬರ್ಲಿಲ್ಲಲ್ಲೋ ಅಂದರು, ಅಷ್ಟೇ. ಅವತ್ತಿನಿಂದ ಹೋಗುತ್ತಿದ್ದೇನೆ.

ನಿನ್ನೆ ಫೈನಲ್ ಬಿಟ್ಟು, ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತಿದ್ದವನನ್ನು ಬೈಕ್ ಮೇಲೆ ಕೂರಿಸಿಕೊಂಡು ಆ ಅವ್ವನ ಮನೆಗೇ ಹೋದೆ. ನಾಲ್ಕು ವರ್ಷದಲ್ಲಿ ಅವನು ಆ ಮನೆಗೆ ಬಂದಿದ್ದು ಮೊದಲ ಸಲ. ಹೊಸ್ತಿಲಲ್ಲೇ ನಿಂತುಬಿಟ್ಟ. ಅವ್ವ ಕೈ ಹಿಡಿದು ಒಳಗೆ ಕರೆದರು. ಚಾಪೆ ಹಾಸಿದರು, ಅವನಿಗೆ ಕಾಲು ಮಡಚಲು ಆಗುವುದಿಲ್ಲ ಅಂತ ನೋಡಿ ಕಣಜದ ಪಕ್ಕದಿಂದ ಮಣೆ ತಂದು ಕೊಟ್ಟರು. ಚಹಾ ಇಟ್ಟರು. ಹೊರಗೆ ಡಿಜೆ ಸದ್ದು ಕೇಳುತ್ತಲೇ ಇತ್ತು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು. "ಅವತ್ತ ಹೆಂಗ ಆಡಿದ್ನೋ ಯಪ್ಪಾ ಅಂವಾ?"

ಯಾರೂ ಹೇಳಿಯೇ ಇರಲಿಲ್ಲ ಅವರಿಗೆ. ನಾಲ್ಕು ವರ್ಷದಿಂದ ಎಲ್ಲರೂ ಹೇಗೆ ಸತ್ತ ಅಂತ ಹೇಳಿದ್ದಾರೆ. ಆ ರಾತ್ರಿ ಹೇಗೆ ಆಡಿದ ಅಂತ ಯಾರೂ ಹೇಳಿಲ್ಲ. ನನಗೂ ಹೊಳೆದಿರಲಿಲ್ಲ.

ಇವನು ತಲೆ ತಗ್ಗಿಸಿಕೊಂಡೇ ಹೇಳಿದ. "ಏಳು ಪಾಯಿಂಟ್ ತಂದ ಅವ್ವಾ. ಕಡೀ ರೈಡಿನಾಗ ಮೂರು ಮಂದಿ ಮೈಮ್ಯಾಲ ಬಿದ್ರು. ಎಳಕೊಂಡು ಬಂದ."

"ಗೆರಿ ಮುಟ್ಟಿದ್ನಾ?"

"ಮುಟ್ಟಿದ ಅವ್ವಾ."

ಅವರು ಅದನ್ನು ಮತ್ತೆ ಹೇಳಿಸಿದರು. ಮೂರು ಸಲ ಹೇಳಿಸಿದರು. ಅತ್ತರು, ಅವನೂ ಅತ್ತ. ಆಮೇಲೆ ಅವನಿಗೆ ರೊಟ್ಟಿ ಬಡಿಸಿದರು. ಆ ಹೊತ್ತಿನಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ ತಿಂದ.

ವಾಪಸ್ ಬರುವಾಗ ಗೊತ್ತಾದದ್ದು, ಕಾಲಿನ ರಾಡ್ ತೆಗೆಸಲು ಬಳ್ಳಾರಿಗೆ ಬಾ ಅಂತ ಡಾಕ್ಟರು ಹೇಳಿ ಒಂದೂವರೆ ವರ್ಷ ಆಗಿದೆಯಂತೆ. ಯಾಕೆ ಹೋಗಿಲ್ಲ ಅಂದರೆ "ಸಂಗಾಟ ಬರೋರು ಯಾರೂ ಇರ್ಲಿಲ್ಲಣ್ಣ" ಅಂದ.

ಗುರುವಾರ ಬೆಳಗ್ಗೆ ಆರಕ್ಕೆ ಕರೆದುಕೊಂಡು ಹೊರಟಿದ್ದೇನೆ. ಕಾರು ನನ್ನ ಅಳಿಯನದು. ಆಸ್ಪತ್ರೆಯಲ್ಲಿ ಒಂದೆರಡು ರಾತ್ರಿ ಇರಬೇಕಾಗಬಹುದು, ನನ್ನೊಬ್ಬನಿಂದ ಆಗಲಿಕ್ಕಿಲ್ಲ. ಅವನ ಜೊತೆ ಆಡಿದವರು ಯಾರಾದರೂ ಬರುವುದಾದರೆ ಬುಧವಾರ ಸಂಜೆಯೊಳಗೆ ಅಂಗಡಿಗೆ ಬಂದು ಹೇಳಿ. ಹಿಂದಿನ ಸೀಟು ಖಾಲಿ ಇದೆ.