ರಾಯರ ಸೊಂಟಕ್ಕೆ ಹತ್ತೇ ಗುಂಡು

ಅಮೆರಿಕದ ನ್ಯಾಯಾಧೀಶರೊಬ್ಬರು ಕೂತು ಪಿಸ್ತೂಲು ಬಿಚ್ಚಿ ತೋರಿಸಿದ ಆ ವಿಡಿಯೋ ನೀವೂ ನೋಡಿರ್ತೀರಿ. ನನಗೆ ಕಳಿಸಿದ್ದು ಪಕ್ಕದ ಬೀದಿಯ ರಾಯರು. ಹಾಸನದವರು, ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ಇಪ್ಪತ್ತು ವರ್ಷವಾಯಿತು, ಇವತ್ತಿಗೂ ಜಿರಳೆ ಕಂಡರೆ ಹೆಂಡತಿಯನ್ನು ಕೂಗುತ್ತಾರೆ. ಈಗ ಅವರಿಗೆ ಸೊಂಟದಲ್ಲಿ ಪಿಸ್ತೂಲು ಬೇಕಂತೆ.

ಮೊದಲು ವಿಡಿಯೋ ವಿಷಯ ಮುಗಿಸಿಬಿಡೋಣ. ಹತ್ತಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜೀನು (ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿ) ಬೇಡ ಅನ್ನುವ ಕ್ಯಾಲಿಫೋರ್ನಿಯಾ ಕಾನೂನು ಸರಿಯಾಗೇ ಇದೆ ಅಂತ ಒಂಬತ್ತನೇ ಸರ್ಕ್ಯೂಟ್ ಕೋರ್ಟು, ಅಂದರೆ ಇಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟು, 2025ರ ಮಾರ್ಚ್ 20ರಂದು 7–4ರಲ್ಲಿ ಹೇಳಿತು. ಒಪ್ಪದ ನಾಲ್ವರಲ್ಲಿ ಒಬ್ಬರಾದ ಲಾರೆನ್ಸ್ ವ್ಯಾನ್‌ಡೈಕ್ ಅವರಿಗೆ ಬರೆದದ್ದು ಸಾಲಲಿಲ್ಲ. ತಮ್ಮ ಕೊಠಡಿಯಲ್ಲೇ ಕ್ಯಾಮೆರಾ ಮುಂದೆ ಪಿಸ್ತೂಲು ಹಿಡಿದು, ಬಿಚ್ಚಿ, ಜೋಡಿಸಿ, ಯೂಟ್ಯೂಬಿಗೆ ಹಾಕಿದರು. ಇವರೇ ತೀರ್ಪುಗಾರರು, ಇವರೇ ತಜ್ಞ ಸಾಕ್ಷಿ ಆಗಿಬಿಟ್ಟರಲ್ಲ ಅಂತ ಜೊತೆಯ ನ್ಯಾಯಾಧೀಶೆಯೊಬ್ಬರು ತಕರಾರು ಬರೆದರು. ಸಬ್‌ಸ್ಕ್ರೈಬ್ ಮಾಡಿ ಅಂತ ಕೇಳಲಿಲ್ಲ, ಅದೇ ಪುಣ್ಯ. ಇತ್ತ ಬಹುಮತದ ಏಳು ಜನ ಹೇಳಿದ್ದೂ ಕಮ್ಮಿ ರುಚಿಯದ್ದಲ್ಲ. ದೊಡ್ಡ ಮ್ಯಾಗಜೀನು ಆಯುಧವೇ ಅಲ್ಲವಂತೆ, ಆಯುಧದ ಜೊತೆಗೆ ಬರುವ ಸಾಮಾನಂತೆ. ಫಿಲ್ಟರು ಕಾಫಿ ಅಲ್ಲ ಅಂದ ಹಾಗೆ. ಮಾತು ಸರಿ, ಆದರೆ ಬೆಳಿಗ್ಗೆ ಆರು ಗಂಟೆಗೆ ನಮ್ಮಮ್ಮನ ಎದುರು ಹೇಳಿ ನೋಡಿ.

ರಾಯರ ವಿಷಯ. 2024ರ ಜೂನ್‌ನಲ್ಲಿ ಸನ್ನಿವೇಲಿನ ನಮ್ಮ ಜನರ ಒಡವೆ ಅಂಗಡಿಗೆ ಸುಮಾರು ಇಪ್ಪತ್ತು ಮಂದಿ ಸುತ್ತಿಗೆ ಹಿಡಿದು ನುಗ್ಗಿದರಲ್ಲ, ಅವತ್ತಿನಿಂದ ಅವರಿಗೆ ನಿದ್ದೆ ಇಲ್ಲ. "ನೋಡಿ ಸಾರ್, ಕಳ್ಳರು ಇಪ್ಪತ್ತು. ಗುಂಡು ಹತ್ತು. ತಲೆಗೆ ಅರ್ಧ ಬರುತ್ತೆ" ಅಂತಾರೆ. ಮನೆಯಲ್ಲಿರೋದು ಒಂದು ಜೊತೆ ಬಳೆ, ಒಂದು ಮಾಂಗಲ್ಯ. ಅದನ್ನು ಕದಿಯೋಕೆ ಇಪ್ಪತ್ತು ಜನ ಬಂದರೆ ಪಾಪ ಕಳ್ಳರಿಗೇ ಪೆಟ್ರೋಲ್ ದುಡ್ಡು ಹುಟ್ಟಲ್ಲ. ಆದರೆ ರಾಯರು ಎಕ್ಸೆಲ್ ಶೀಟು ಮಾಡಿಯಾಗಿದೆ. ತೂಕ, ಉದ್ದ, ಬೆಲೆ, ಗುಂಡು, ಎಲ್ಲಕ್ಕೂ ಒಂದೊಂದು ಕಾಲಂ. ಕೊನೆಯ ಕಾಲಂ "ಮನೆಯವರ ಒಪ್ಪಿಗೆ". ಅದು ಖಾಲಿ.

ಈ ಊರಿನಲ್ಲಿ ಎಲ್ಲವೂ ಹತ್ತು. ರಾಯರು ಗ್ರೀನ್ ಕಾರ್ಡಿಗೆ ಕಾದದ್ದು ಹತ್ತು ವರ್ಷದ ಮೇಲೆ. ಎಚ್‌-1ಬಿ ವೀಸಾದಲ್ಲಿ ಇರೋವರೆಗೂ ಬಂದೂಕು ಮುಟ್ಟುವ ಹಾಗಿರಲಿಲ್ಲ, ಬೇಟೆ ಲೈಸೆನ್ಸು ಇದ್ದರೆ ವಿನಾಯಿತಿ. ಜಿರಳೆ ಬೇಟೆ ಲೆಕ್ಕಕ್ಕಿಲ್ಲ. ಈಗ ಗ್ರೀನ್ ಕಾರ್ಡು ಬಂದಿದೆ, ಪಿಸ್ತೂಲಿಗೆ ದುಡ್ಡು ಕಟ್ಟಿದರೆ ಕೈಗೆ ಸಿಗಲು ಹತ್ತು ದಿನ. ಒಳಗೆ ಹತ್ತು ಗುಂಡು. ಈ ದೇಶದಲ್ಲಿ ನೆಲೆ ನಿಲ್ಲೋಕೆ ಯೋಗ್ಯನಾ ಅಂತ ನೋಡೋಕೆ ಹತ್ತು ವರ್ಷ, ಗುಂಡು ಹಾರಿಸೋಕೆ ಯೋಗ್ಯನಾ ಅಂತ ನೋಡೋಕೆ ಹತ್ತು ದಿನ. ನಾನಂತೂ ಏನೂ ಹೇಳಲ್ಲ.

ಒಂದು ಶನಿವಾರ ಅವರ ಜೊತೆ ಅಂಗಡಿಗೆ ಹೋದೆ. ಗಾಜಿನ ಕೌಂಟರು, ನಮ್ಮ ಒಡವೆ ಅಂಗಡಿಯದ್ದೇ ಥರ, ಒಳಗೆ ದೀಪ ಬೇರೆ. ಮಾರುವವನು ಗ್ಲಾಕ್ 19 ಅನ್ನೋ ಪಿಸ್ತೂಲು ತೆಗೆದು ಮೆತ್ತಗಿನ ಬಟ್ಟೆ ಮೇಲೆ ಇಟ್ಟ. ಬೇರೆ ರಾಜ್ಯದಲ್ಲಿ ಅದಕ್ಕೆ 15 ಗುಂಡು. ಇಲ್ಲಿ 10. ಮ್ಯಾಗಜೀನು ಎರಡು ಕಡೆಯೂ ಒಂದೇ ಅಳತೆ, ಹೊರಗಿಂದ ನೋಡಿದರೆ ಗೊತ್ತಾಗಲ್ಲ. ಒಳಗಿನ ಗೋಡೆ ದಪ್ಪ ಮಾಡಿ ಜಾಗ ಕಡಿಮೆ ಮಾಡಿದ್ದಾರೆ, ಅಷ್ಟೇ. ನನಗೆ ತಕ್ಷಣ ನೆನಪಾಗಿದ್ದು ನಮ್ಮೂರ ಶೆಟ್ಟರ ಸೇರು. ಹೊರಗಿಂದ ಸೇರು, ತಳ ಒಳಗೆ ತಳ್ಳಿರೋದು, ಅಕ್ಕಿ ಬೀಳೋದು ಮುಕ್ಕಾಲು. ಆಗ ಅದಕ್ಕೆ ಮೋಸ ಅಂತಿದ್ದೆವು, ಈಗ ಅದೇ ಕಾನೂನು.

ಕೊಸರೂ ಇದೆ. ಒಂದು ಗುಂಡನ್ನು ಮೊದಲೇ ನಳಿಗೆಗೆ ಏರಿಸಿ, ಆಮೇಲೆ ಮ್ಯಾಗಜೀನಿಗೆ ಹತ್ತು ತುಂಬಿದರೆ ಹನ್ನೊಂದಾಯ್ತು. ಆ ಒಂದನ್ನು ಕಾನೂನು ಎಣಿಸಲ್ಲ. ಸೊಪ್ಪಿನವಳು ಕಟ್ಟಿನ ಮೇಲೆ ನಾಲ್ಕು ಎಸಳು ಕೊತ್ತಂಬರಿ ಇಡ್ತಾಳಲ್ಲ, ಹಾಗೆ.

"ಹತ್ತೇ ಅಂದ್ಮೇಲೆ ದೊಡ್ಡದ್ಯಾಕೆ ಹೊರಬೇಕು ಸಾರ್?" ರಾಯರು ಕೇಳಿದರು. ಒಳ್ಳೇ ಪ್ರಶ್ನೆ. ಹಿಂದೆ ಬಂದೂಕು ಕಂಪನಿಗಳಿಗೂ ಇದೇ ಹೊಳೆದಿತ್ತು. 1994ರಲ್ಲಿ ಇಡೀ ದೇಶಕ್ಕೆ ಹತ್ತರ ಮಿತಿ ಬಂತು, ಹತ್ತು ವರ್ಷಕ್ಕೆ ಅಂತ. 1995ರಲ್ಲಿ ಗ್ಲಾಕ್ 26 ಬಂತು, ಸರಿಯಾಗಿ ಹತ್ತು ಗುಂಡು, ಅಂಗೈಯಷ್ಟು ಗಾತ್ರ, ಜೇಬಿಗೆ ಹಾಕಿದರೆ ಎಲೆಅಡಿಕೆ ಸಂಚಿ. ಗುಂಡು ಕಮ್ಮಿ ಮಾಡಿ ಅಂದರೆ ಬಂದೂಕನ್ನೇ ಬಚ್ಚಿಡುವಷ್ಟು ಚಿಕ್ಕದು ಮಾಡಿದರು. 2004ರಲ್ಲಿ ಕಾನೂನು ಹೋಯಿತು, ಚಿಕ್ಕ ಬಂದೂಕು ಉಳಿಯಿತು.

ಇದಕ್ಕಿಂತ ಚೆಂದ ನ್ಯೂಯಾರ್ಕಿನದು. 2013ರಲ್ಲಿ ಅವರು ಏಳೇ ಗುಂಡು ಅಂದರು. ಏಳು ಹಿಡಿಯುವ ಮ್ಯಾಗಜೀನು ಎಷ್ಟೋ ಪಿಸ್ತೂಲಿಗೆ ಇರಲೇ ಇಲ್ಲ. ಆಗ ಸರ್ಕಾರ ಏನು ಮಾಡಿತು? ಹತ್ತರದ್ದೇ ಇಟ್ಕೊಳ್ಳಿ, ಏಳು ಮಾತ್ರ ತುಂಬಿ ಅಂತು. ಅಂದರೆ ರಾತ್ರಿ ಮನೆಯಲ್ಲಿ ಕೂತು ಎಣಿಸಬೇಕು. ಐದು, ಆರು, ಏಳು, ಸಾಕು, ಎಂಟನೆಯದು ಹಾಕಿದರೆ ಅಪರಾಧ. ಗುಂಡು ಹೊಡೆಯುವ ಕಲಿಕೆ ಜಾಗದಲ್ಲಿ ಮಾತ್ರ ಹತ್ತು ಹಾಕಬಹುದಿತ್ತು, ಅಲ್ಲಿ ಎದುರಿಗಿರೋದು ಕಾಗದ ನೋಡಿ. ಅದೇ ವರ್ಷದ ಕೊನೆಗೆ ಕೋರ್ಟು, ಈ ಏಳು ಎಲ್ಲಿಂದ ಬಂತಪ್ಪಾ ಅಂತ ಕೇಳಿ ಹೊಡೆದುಹಾಕಿತು. ಡೆಲವೇರಿನಲ್ಲಿ 17, ಕೊಲರಾಡೋದಲ್ಲಿ 15, ಇಲ್ಲಿ 10. ಬಾಡಿಗೆ ಮನೆ ಅಡ್ವಾನ್ಸ್ ಥರ, ಮಾಲೀಕರ ಮನಸ್ಸಿಗೆ ಬಂದಷ್ಟು.

ಆ ಆಷಾಢ ಸೇಲ್ ನೆನಪಿದೆಯಾ? 2019ರ ಮಾರ್ಚ್ ಕೊನೆಯಲ್ಲಿ ಸ್ಯಾನ್ ಡಿಯೇಗೋದ ನ್ಯಾಯಾಧೀಶರು ಕ್ಯಾಲಿಫೋರ್ನಿಯಾದ ಹತ್ತರ ಮಿತಿಯನ್ನು ರದ್ದು ಮಾಡಿದರು. ಒಂದು ವಾರ ಬಾಗಿಲು ಪೂರ್ತಿ ತೆರೆದಿತ್ತು. ಏಪ್ರಿಲ್ 5ರ ಸಂಜೆ 5 ಗಂಟೆಗೆ ಸ್ಟೇ. ಅಷ್ಟರಲ್ಲಿ ಜನ ಪೆಟ್ಟಿಗೆಗಟ್ಟಲೆ ತರಿಸಿಕೊಂಡರು, ಆ ವಾರ ಕೊಂಡವರನ್ನು ಮುಟ್ಟಬೇಡಿ ಅಂತ ಸ್ಟೇಯಲ್ಲೇ ಬರೆದಿತ್ತು. 4:55ಕ್ಕೆ ಕೊಂಡವನು ಸಭ್ಯ, 5:05ಕ್ಕೆ ಕೊಂಡವನು ಅಪರಾಧಿ.

ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡೋಕೆ ಪರವಾನಗಿ ಬೇರೆ ಬೇಕು. ಅದು ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರು, ಕೊಡೋದು. ಪಕ್ಕದ ಸಾಂತಾ ಕ್ಲಾರಾ ಕೌಂಟಿಯ ಶೆರಿಫ್ ಇದೇ ಪರವಾನಗಿ ಹಂಚೋದರಲ್ಲಿ ಕೈ ಕೊಳೆ ಮಾಡಿಕೊಂಡರು ಅಂತ 2022ರ ನವೆಂಬರಿನಲ್ಲಿ ಜ್ಯೂರಿ ಹೇಳಿತು. ಆರೋಪಗಳಲ್ಲಿ ಐಸ್ ಹಾಕಿ ಪಂದ್ಯದ ಐಷಾರಾಮಿ ಸೀಟೂ ಒಂದು. ರಾಯರಿಗೆ ಇದು ಕೇಳಿ ಊರು ನೆನಪಾಗಿ ಕಣ್ಣು ತುಂಬಿ ಬಂತು. ಪರವಾನಗಿ ಸಿಕ್ಕರೂ ಪಾರ್ಕಿಗೆ ಒಯ್ಯುವಂತಿಲ್ಲ, ಲೈಬ್ರರಿಗೆ ಒಯ್ಯುವಂತಿಲ್ಲ, ಬಾರಿಗೆ ಒಯ್ಯುವಂತಿಲ್ಲ. ಗುಂಡು ಮಾರುವ ಕಡೆ ಗುಂಡು ನಿಷಿದ್ಧ. ಇದೊಂದು ಕಾನೂನು ಮಾತ್ರ ಕನ್ನಡದವರೇ ಬರೆದಿರಬೇಕು.

ಕೊಡಗಿನ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ, ಈಗ 2029ರವರೆಗೆ ಮುಂದುವರಿದಿದೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ. ಯಾರೂ ಚಡ್ಡಿಯೊಳಗೆ ಬಚ್ಚಿಡಲ್ಲ. ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. "ಒಂದು ಜನ್ಮಕ್ಕೆ ಮೂರು ಸಾಕು ಕಣೋ. ಹತ್ತು ಇಟ್ಕೊಂಡು ಏನ್ ಮಾಡ್ತಾರೆ ಅವರು?" ಅಂದ.

ರಾಯರಿಗೆ ಉತ್ತರ ಸಿದ್ಧವಾಗಿತ್ತು. ಕಾನೂನು ಮ್ಯಾಗಜೀನಿನ ಗಾತ್ರ ಹೇಳುತ್ತೆ, ಎಷ್ಟು ಮ್ಯಾಗಜೀನು ಅಂತ ಹೇಳಲ್ಲ. ಹತ್ತರದ್ದು ಎರಡು ಇಟ್ಟುಕೊಂಡರೆ ಇಪ್ಪತ್ತಾಯಿತಲ್ಲ! ಬದಲಾಯಿಸೋಕೆ ಎರಡು ಮೂರು ಸೆಕೆಂಡು, ಅಷ್ಟೇ. ಕೌಂಟರಿನವನೂ ಹೂಂ ಅಂದ.

ಆ ಎರಡು ಮೂರು ಸೆಕೆಂಡಿನ ಮಾತು ಬಂದರೆ ನನಗೆ ತಮಾಷೆ ಹೊಳೆಯಲ್ಲ. 2011ರ ಜನವರಿ 8, ಅರಿಝೋನಾದ ಟೂಸಾನ್. ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ದಿನಸಿ ಅಂಗಡಿ ಮುಂದೆ ನಿಂತು ಜನರನ್ನು ಮಾತಾಡಿಸುತ್ತಿದ್ದರು. ಬಂದವನ ಕೈಯಲ್ಲಿ ಇದೇ ಗ್ಲಾಕ್ 19, ಅದಕ್ಕೆ 33 ಗುಂಡಿನ ಮ್ಯಾಗಜೀನು. ಅದು ಖಾಲಿಯಾಗಿ ಇನ್ನೊಂದು ಹಾಕಲು ಹೋದಾಗ ಜನ ಮೇಲೆ ಬಿದ್ದು ಹಿಡಿದರು. ಆರು ಜನರ ಜೀವ ಹೋಯಿತು. ಗಿಫರ್ಡ್ಸ್ ಬದುಕಿದರು. ಅವರ ಗಂಡ ಮಾರ್ಕ್ ಕೆಲ್ಲಿ 2013ರಲ್ಲಿ ಸೆನೆಟ್ ಸಮಿತಿ ಮುಂದೆ ಗುಂಡು ಎಣಿಸಿ ಹೇಳಿದರು. ಮೊದಲನೆಯದು ಹೆಂಡತಿಯ ತಲೆಗೆ. ಹದಿಮೂರನೆಯದು ಒಂಬತ್ತು ವರ್ಷದ ಒಂದು ಹುಡುಗಿಗೆ.

ಹದಿಮೂರು. ಅರಿಝೋನಾದಲ್ಲಿ ಇವತ್ತಿಗೂ ಮಿತಿ ಇಲ್ಲ. ಮಿತಿ ಇರೋ ನಮ್ಮಲ್ಲಿ, ಗಿಲ್ರಾಯ್ ಬೆಳ್ಳುಳ್ಳಿ ಜಾತ್ರೆಗೆ 2019ರಲ್ಲಿ ಬಂದು ಗುಂಡು ಹಾರಿಸಿದವನು ರೈಫಲ್ಲನ್ನು ಪಕ್ಕದ ನೆವಾಡಾದಲ್ಲಿ ಕೊಂಡು ತಂದಿದ್ದ. ಹೀಗಿರುವಾಗ ಒಬ್ಬರು ಕೊಠಡಿಯಲ್ಲಿ ಕೂತು ಮ್ಯಾಗಜೀನನ್ನು ಮಕ್ಕಳ ಆಟಿಕೆ ಥರ ಸಿಕ್ಕಿಸಿ ತೆಗೆದು ತೋರಿಸ್ತಾರೆ. ಇನ್ನೊಬ್ಬರು ತೂತು ಬಿದ್ದ ಕಾನೂನಿಗೆ ಸಹಿ ಹಾಕಿ ಫೋಟೋ ತೆಗೆಸಿಕೊಳ್ತಾರೆ. 2025ರಲ್ಲಿ ನಮ್ಮ ಗವರ್ನರ್ ಸಾಹೇಬರಿಗೆ ಪಾಡ್‌ಕಾಸ್ಟಿನವನೊಬ್ಬ ಸಿಗ್ ಪಿ365 ಎಕ್ಸ್‌ಮ್ಯಾಕ್ರೋ ಪಿಸ್ತೂಲು ಉಡುಗೊರೆ ಕೊಟ್ಟ, ಆ ಮಾಡೆಲ್ಲಿನ ಮಾಮೂಲಿ ಮ್ಯಾಗಜೀನಿಗೆ 17 ಹಿಡಿಯುತ್ತೆ. ಸಾಹೇಬರು ಖುಷಿಯಾಗೇ ಕೈಯಲ್ಲಿ ಹಿಡಿದರು. ನಗಬೇಕು ಅನ್ಸುತ್ತೆ, ಆಗಲ್ಲ. ಸಾಕಾಗಿದೆ.

ರಾಯರು ಕೊನೆಗೆ ಗ್ಲಾಕ್ 26 ಅಂತ ತೀರ್ಮಾನ ಮಾಡಿದರು. ಬೇಗ ಕೊಳ್ಳಬೇಕಂತೆ, ಈ ಥರದ ಗ್ಲಾಕನ್ನು 2026ರ ಜುಲೈ 1ರಿಂದ ಅಂಗಡಿಯವರು ಮಾರುವ ಹಾಗಿಲ್ಲ ಅಂತ ಇನ್ನೊಂದು ಕಾನೂನು ಆಗಿದೆ. ದುಡ್ಡು ಕಟ್ಟುವ ಮುಂಚೆ ಬಾಡಿಗೆಗೆ ತಗೊಂಡು ಹೊಡೆದು ನೋಡೋಣ ಅಂತ ಶೂಟಿಂಗ್ ರೇಂಜಿಗೆ ಹೋದೆವು. ಮ್ಯಾಗಜೀನು ಹೊಸದು, ಸ್ಪ್ರಿಂಗು ಬಿಗಿ. ರಾಯರು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಒಂದೊಂದೇ ಗುಂಡು ತುಂಬಿದರು. ಆರರವರೆಗೂ ಉತ್ಸಾಹ. ಏಳಕ್ಕೆ ಹಲ್ಲು ಕಚ್ಚಿದರು. ಎಂಟು ಹೇಗೋ ಕೂತಿತು. ಒಂಬತ್ತನೆಯದು ಜಾರಿ ನೆಲಕ್ಕೆ ಬಿದ್ದು ಉರುಳಿತು, ಎತ್ತಿಕೊಟ್ಟೆ, ಮತ್ತೆ ಬಿತ್ತು. ಹೆಬ್ಬೆರಳು ಕೆಂಪಾಗಿ ಊದಿತ್ತು. ಅದನ್ನು ಬಾಯಲ್ಲಿಟ್ಟು ಚೀಪುತ್ತಾ ಆಕಡೆ ಈಕಡೆ ನೋಡಿ, "ಎಂಟು ಸಾಕು ಬಿಡಿ ಸಾರ್" ಅಂದರು.