ಪುಣೆಯಲ್ಲಿ ಹುಲಗೂರ ಸಂತಿ

ನಮ್ಮ ಸೊಸೈಟಿಯ ಹಿರಿಯ ನಾಗರಿಕರ ಕೂಟದಲ್ಲಿ ಮರಾಠಿ ಕವಿ ಭಾ. ರಾ. ತಾಂಬೆಯವರ ‘ಮಾವಳತ್ಯಾ ದಿನಕರಾ’ (ಮುಳುಗುವ ಸೂರ್ಯನೇ) ಹಾಡಿದರು. ಮುಗಿಯುವಷ್ಟರಲ್ಲಿ ಹಲವರ ಕಣ್ಣು ಒದ್ದೆಯಾಗಿದ್ದವು. ನಿಮ್ಮ ಕನ್ನಡದಲ್ಲಿ ಮುಪ್ಪಿನ ಮೇಲೆ ಏನಿದೆ ಎಂದು ಪಕ್ಕದ ಮನೆಯ ಅಜ್ಜಿ ಕೇಳಿದರು. ಶಿಶುನಾಳ ಷರೀಫರ ‘ಬಿದ್ದೀಯಬೇ ಮುದುಕಿ’ ಹಾಡಿ ಅರ್ಥ ಹೇಳಿದೆ. ಅವರ ಮುಖ ಸಣ್ಣದಾಯಿತು. “ಹಿರಿಯರನ್ನು ಹೀಗೆ ಮಾತಾಡಿಸುತ್ತೀರಾ?” ಅಂದರು. ಆ ಮಾತು ಮನಸ್ಸಿಗೆ ನಾಟಿತು.

ಹೌದು, ಹೀಗೇ ಮಾತಾಡಿಸುತ್ತೇವೆ. ತಾಂಬೆಯವರು ಮುಳುಗುವ ಸೂರ್ಯನಿಗೆ ಅರ್ಘ್ಯ ಕೊಟ್ಟು ಕೈಮುಗಿಯುತ್ತಾರೆ; ಹುಟ್ಟುವವನಿಗೆ ನಮಸ್ಕರಿಸುವ ಜನ ಮುಳುಗುವವನಿಗೆ ಬೆನ್ನು ತೋರಿಸುತ್ತಾರಲ್ಲ ಎಂದು ನೊಂದುಕೊಳ್ಳುತ್ತಾರೆ. ಚೆಂದದ ಪದ್ಯ. ಆದರೆ ಅದರಲ್ಲಿ ನನಗೆ ಮುದುಕರು ಕಾಣಲಿಲ್ಲ, ನಡುಗುವ ಕಾಲು ಕಾಣಲಿಲ್ಲ. ಷರೀಫರ ಮುದುಕಿಯಾದರೆ ಹುಲಗೂರ ಸಂತೆಯ ಗದ್ದಲದಲ್ಲಿ ನಿಂತಿದ್ದಾಳೆ. ಹುಲಗೂರು ಅವರ ಶಿಶುನಾಳದಂತೆ ಶಿಗ್ಗಾವಿ ತಾಲೂಕಿನದೇ. 1819ರಲ್ಲಿ ಹುಟ್ಟಿ ಎಪ್ಪತ್ತು ವರ್ಷ ಬಾಳಿದ ಕವಿ, ತಮ್ಮ ಸೀಮೆಯ ಸಂತೆಯಲ್ಲೇ ಆಕೆಯನ್ನು ನಿಲ್ಲಿಸಿ, ಬಿದ್ದೀ ಜೋಕೆ, ಈ ಗದ್ದಲದಾಗ ಯಾಕ ನಿಂತಿ ಅಂತ ಗದರುತ್ತಾರೆ. ಅಷ್ಟು ಹತ್ತಿರ ನಿಂತವರಿಗೇ ಹಾಗೆ ಗದರಲು ಬರುತ್ತದೆ.

ಶಿಗ್ಗಾವಿಯ ನಮ್ಮ ಆಯಿ, ಅಂದರೆ ಅಜ್ಜಿ, ಎಂಬತ್ತು ದಾಟಿದ ಮೇಲೂ ಸಂತೆ ಬಿಡಲಿಲ್ಲ. ಬಗ್ಗಿ ಮೆಂತ್ಯೆ ಸೊಪ್ಪು ಆರಿಸುವಾಗ ಎಡಗೈ ನನ್ನ ಹೆಗಲ ಮೇಲೆ. ಸೆರಗಿನ ಗಂಟು ಬಿಚ್ಚಿ ರೊಕ್ಕ ಎಣಿಸಲು ಆ ಕೈ ತೆಗೆದಳೆಂದರೆ ಸ್ವಲ್ಪ ಜೋಲಿ ಹೊಡೆಯುತ್ತಿದ್ದಳು. “ಬಿದ್ದೀಯಬೇ ಆಯಿ” ಅಂದರೆ, “ಮತ್ತ ನೀ ಯಾಕ ಬಂದೀಯೋ, ಎತ್ತಾಕ ಅಲ್ಲೇನು?” ಅನ್ನುವಳು. ಸೊಪ್ಪಿನಾಕಿಯೂ ನಗುವಳು. ಇಲ್ಲಿ ಪುಣೆಯಲ್ಲಿ ಹಿರಿಯರಿಗೆ ಶಾಲು, ಹೂಗುಚ್ಛ, ಮುಂದಿನ ಸಾಲಿನ ಕುರ್ಚಿ ಎಲ್ಲಾ ಸಿಗುತ್ತವೆ. ಹೀಗೆ ಸಲಿಗೆಯಿಂದ ಬೈದು ಜೊತೆಗೆ ನಡೆಯುವ ಮೊಮ್ಮಗ ಎಷ್ಟೋ ಜನರಿಗೆ ಸಿಗುವುದಿಲ್ಲ.

ನಮ್ಮ ಕಾವ್ಯವೆಲ್ಲ ಮುದುಕರ ಜೊತೆ ಮಾತಾಡುತ್ತದೆ ಎಂದೇನೂ ಅಲ್ಲ. ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ಎಂದು ಬಸವಣ್ಣ ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸುವುದು, ಅದೆಲ್ಲ ಬರುವ ಮುನ್ನ ಪೂಜಿಸು ಎಂದು ಎಚ್ಚರಿಸಲು. ಈಗಾಗಲೇ ಹಲ್ಲು ಹೋಗಿ ಬೆನ್ನು ಬಾಗಿದವರಿಗೆ ಆ ವಚನದಲ್ಲಿ ಸಮಾಧಾನದ ಮಾತಿಲ್ಲ. ಧಾರವಾಡದ ಬೇಂದ್ರೆಯವರು ಯುಗಾದಿಯ ಹಾಡಿನಲ್ಲಿ ನಮಗೆ ಒಂದೇ ಬಾಲ್ಯ, ಒಂದೇ ಹರೆಯ ಯಾಕೆ ಎಂದು ಕೇಳುತ್ತಾರೆ; ಆ ಪ್ರಶ್ನೆಯಲ್ಲಿ ಮುಪ್ಪಿನ ಹೆಸರಿಲ್ಲ. ಷರೀಫರ ಮುದುಕಿಯೂ ಬರೀ ಮುದುಕಿಯಲ್ಲ, ಸಂಸಾರದ ಸಂತೆಯಲ್ಲಿ ಸಿಕ್ಕಿಬಿದ್ದ ಜೀವ ಎಂದು ತಿಳಿದವರು ಹೇಳುತ್ತಾರೆ. ಒಪ್ಪುತ್ತೇನೆ. ಆದರೂ ತಡವರಿಸುತ್ತಾ ನಡೆಯುವ ಒಬ್ಬ ಮುದುಕಿಯನ್ನು ಕಣ್ಣಾರೆ ನೋಡದೆ ಈ ಪದ ಹುಟ್ಟಿತೆಂದು ನಾನು ನಂಬಲಾರೆ.

ಇನ್ನೊಂದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಹುಬ್ಬಳ್ಳಿಯ ಮದುವೆಯೊಂದರಲ್ಲಿ ಆರ್ಕೆಸ್ಟ್ರಾದವರು ಇದೇ ಪದ ಎತ್ತಿಕೊಂಡರು. ಹುಡುಗರು ಮುಂದೆ ಕುಳಿತಿದ್ದ ಅಜ್ಜಿಯೊಬ್ಬರ ಕಡೆ ಬೆರಳು ಮಾಡಿ ಕುಣಿದರು. ಅವರು ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದರು. ಸಲಿಗೆ ಸವೆದು ಗೇಲಿಯಷ್ಟೇ ಉಳಿದಿತ್ತು. ತಾಂಬೆಯವರ ಪದ್ಯ ಹಾಡಿ ಯಾರನ್ನೂ ಹಾಗೆ ತಲೆ ತಗ್ಗಿಸುವಂತೆ ಮಾಡಲು ಬರುವುದಿಲ್ಲ. ಅಷ್ಟನ್ನು ಮರಾಠಿಗರಿಗೆ ಬಿಟ್ಟುಕೊಡುತ್ತೇನೆ.